ಅಮ್ಮುವಿನ ಹರಕೆ

ಬಾಟಲಿಯಿಂದ ರಕ್ತದ ಮೊದಲ ಹನಿ ಇಳಿಯುತ್ತಿದ್ದಂತೆ ಮೀಂಜ ಊರಿನ ಅಮ್ಮು ಕೇಳಿದರು, "ರೇಡಿಯೇಷನಿಗೆ ಬಂದವಳಿಗೆ ರಕ್ತ ಎಂತಕ್ಕೆ ಡಾಕ್ಟ್ರೇ?"

"ಗರ್ಭಕೊರಳಿನ ಗಡ್ಡೆಯೊಳಗೆ ಆಮ್ಲಜನಕ ಕಡಿಮೆಯಾದರೆ ರೇಡಿಯೇಷನ್ ಸರಿಯಾಗಿ ನಾಟುವುದಿಲ್ಲ ಅಮ್ಮ. ಆಮ್ಲಜನಕ ಹೊತ್ತೊಯ್ಯುವುದು ರಕ್ತ. ನಿಮ್ಮಲ್ಲಿ ರಕ್ತವೇ ಕಡಿಮೆ ಉಂಟು. ಸರಿಯಾಗಿ ಉಣ್ಣುವುದಿಲ್ವಾ? ಇನ್ನು ಮೀನು ತಿನ್ನಬೇಕು, ಹೊಟ್ಟೆ ತುಂಬ ಉಣ್ಣಬೇಕು."

ಅಮ್ಮು ಮಣಿಕಟ್ಟಿನ ಹರಕೆಯ ನೂಲು ನೋಡಿದರು. ಗುಣವಾಗುವವರೆಗೆ ಮೀನು ಮುಟ್ಟುವುದಿಲ್ಲ, ಒಪ್ಪೊತ್ತೇ ಊಟ ಎಂದು ದೈವಕ್ಕೆ ಮಾತು ಕೊಟ್ಟಿದ್ದರು. ಆ ಹಸಿವೇ ಈಗ ಗಡ್ಡೆಗೆ ಕಾವಲು ಕೂತಿತ್ತು.

"ಹರಕೆ ಮುರಿದರೆ ದೈವ ಮುನಿಯುವುದಿಲ್ವಾ ಅತ್ತೆ?" ಪಕ್ಕದಲ್ಲಿ ನಿಂತಿದ್ದ ಸೊಸೆ ನಮಿತಾಳಿಗೆ ಹೆದರಿಕೆ.

ಅಮ್ಮುವಿನ ಕಣ್ಣು ಹೊಳೆಯಿತು. ನೂಲನ್ನು ಹಲ್ಲಿನಿಂದಲೇ ಬಿಚ್ಚಿ ನಮಿತಾಳ ಅಂಗೈಗಿಟ್ಟರು. "ಮುರಿಯುವುದು ಎಂತಕ್ಕೆ? ದೈವಕ್ಕೆ ನಮ್ಮ ಮನೆಯ ಒಂದು ಹೊಟ್ಟೆ ಹಸಿದರೆ ಸಾಕು. ಇವತ್ತಿನಿಂದ ನಿನ್ನದು. ಹೋಗು, ನನಗೆ ಬಂಗುಡೆ ಮೀನಿನ ಊಟ ತಾ."