ಮೊರಕ್ಕೆ ಮೆತ್ತಿದ ಬೆಟ್ಟ

ನೆನೆಸಿದ ಮೆಂತ್ಯದ ವಾಸನೆ ಬಂದರೆ ನನಗೆ ಈಗಲೂ ಕಾರ್ಗಿಲ್ ನೆನಪಾಗುತ್ತದೆ.

ಯುದ್ಧದ ವರ್ಷ, ಸೈನ್ಯದಲ್ಲಿದ್ದ ಮಾಮ ಆ ಊರಲ್ಲಿದ್ದ. ಒಂದು ಮಧ್ಯಾಹ್ನ ಚಾಮರಾಜಪೇಟೆಯ ನಮ್ಮ ಹಿತ್ತಲಲ್ಲಿ ಅಜ್ಜಿ ಸಂದುಬಿಟ್ಟ ಹಳೇ ಮೊರಕ್ಕೆ ಮೆತ್ತಲು ಪೇಪರು, ಮೆಂತ್ಯ ನೆನೆಸಿ ರುಬ್ಬಿಟ್ಟಿದ್ದರು. "ಅವನಿರೋ ಊರು ಹೇಗಿದೆ, ತೋರ್ಸೇ" ಅಂದರು.

ನಾನು ಆ ಮುದ್ದೆಯಲ್ಲೇ ಬೆಟ್ಟ ಎಬ್ಬಿಸಿ, ನಡುವೆ ಬೆರಳಿನಿಂದ ನದಿ ಗೀರಿ, ದಡದಲ್ಲಿ ಊರು ಅಂತ ಒಂದು ಹುಣಸೆಬೀಜ ಇಟ್ಟೆ. "ಗುಂಡು ಈ ಬೆಟ್ಟದ ತುದಿಯಿಂದ ಬೀಳತ್ತಂತೆ ಅಜ್ಜಿ."

ಅಜ್ಜಿ ಮೊರ ಮುಟ್ಟಲಿಲ್ಲ. ಬೀಜದ ಮೇಲೆ ಅಂಗೈ ಕವುಚಿ ಕೂತೇ ಇದ್ದರು.

ಸಂಜೆ ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ ಕೂಗಿದರು. "ನಿಮ್ಮ ಮಗ ನಮ್ಮನೆಗೆ ಫೋನ್ ಮಾಡಿದ್ದ! ಗುಂಡು ನಿಂತಿದೆಯಂತೆ, ಚೆನ್ನಾಗಿದಾನಂತೆ!"

ಅಜ್ಜಿ ಬೀಜವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಆಮೇಲೆ ಬೆಟ್ಟವನ್ನೆಲ್ಲ ಹಿಚುಕಿ ಮೊರಕ್ಕೆ ಮೆತ್ತಿದರು.

"ಒಣಗ್ಲಿ. ಅಕ್ಕಿ ಕೇರ್ಬೇಕು."