ಅಪ್ಪ ಕೂರಿಸಿದ ರೇಡಿಯೋ

ಕೊನೆಯ ಸ್ಕ್ರೂ ಬಿಗಿದು ಆರ್ವಿಲ್ ಕಾರಿನ ರೇಡಿಯೋದ ಗುಂಡಿ ತಿರುಗಿಸಿದ. ಗೊರಗೊರ ಸದ್ದು ಕೂಡ ಬರಲಿಲ್ಲ. ಉಪಗ್ರಹ ರೇಡಿಯೋದ ಪುಟ್ಟ ಪೆಟ್ಟಿಗೆಯನ್ನು ಸೀಟಿನಡಿ ಇಟ್ಟು, ಅದರ ತಂತಿಯನ್ನು ಕಾರಿನ ಹಳೆಯ ರೇಡಿಯೋಗೆ ಜೋಡಿಸಿದ್ದ. ಎಲ್ಲೂ ಒಂದು ತೂತು ಸಹ ಕೊರೆದಿರಲಿಲ್ಲ. ಆ ಹಳೆಯ ರೇಡಿಯೋ ಕೂರಿಸಿದ್ದು ಹೆಂಡತಿ ವರ್ನಾಳ ಅಪ್ಪ. ಗುಂಡಿಯ ಒಂದು ಬದಿ ಅವರ ಹೆಬ್ಬೆರಳಿಗೆ ಸವೆದಿತ್ತು.

ವರ್ನಾ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. "ಅದನ್ನ ಮುಟ್ಬೇಡ ಅಂದಿದ್ನಲ್ಲ?"

"ನಿನ್ನ ಹುಟ್ಟುಹಬ್ಬಕ್ಕೆ ಅಂತ... ಮೊಂಟಾನಾದಲ್ಲಿ ಎಲ್ಲಿ ಹೋದ್ರೂ ನಿನ್ನಿಷ್ಟದ ಹಾಡು ಬರ್ಲಿ ಅಂತ."

"ಈಗ ಇದ್ದದ್ದೂ ಹೋಯ್ತು." ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು. "ಕಾರು ಆಚೆ ತೆಗಿ. ಈ ತಗಡಿನ ಡಬ್ಬದೊಳಗೆ ಏನ್ ಕಾಣುತ್ತೆ? ಬೆಳಕಲ್ಲಿ ನೋಡೋಣ."

ಅವನು ತುಟಿ ಕಚ್ಚಿಕೊಂಡು ಕಾರನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟ. ಕಾರಿನ ನೆತ್ತಿಯ ಮೇಲೆ ಅಯಸ್ಕಾಂತದಿಂದ ಅಂಟಿಸಿದ್ದ ಪೆಟ್ಟಿಗೆಯ ಆಂಟೆನಾ ತಗಡಿನ ಚಾವಣಿ ದಾಟಿ ಬಿಸಿಲಿಗೆ ಬಂತು. ನಾಲ್ಕೈದು ಸೆಕೆಂಡು ಕಳೆದಿರಬೇಕು, ಅಪ್ಪನ ರೇಡಿಯೋದಿಂದ ಪಿಟೀಲು ತೇಲಿಬಂತು. ಅದರ ಬೆನ್ನಿಗೇ ಒಬ್ಬ ಗಾಯಕನ ದನಿ ಕೇಳಿಸಿತು.

ಆರ್ವಿಲ್ ಬ್ರೇಕು ಒತ್ತಿ, ಹಣೆಯನ್ನು ಸ್ಟಿಯರಿಂಗಿಗೆ ಆನಿಸಿ ಉಸಿರು ಬಿಟ್ಟ. "ತಗಡು! ಆಕಾಶ ಕಾಣದೆ ಉಪಗ್ರಹ ಹೇಗೆ ಸಿಗುತ್ತೆ!"

"ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳ್ಕೊಟ್ಟೋನು ನೀನು. ಅವು ಹೇಗೆ ಪಾಸಾದ್ವೋ!" ವರ್ನಾ ಕಣ್ಣೊರೆಸಿಕೊಂಡು ನಕ್ಕಳು. ಕಿಟಕಿಯಿಂದ ಕೈ ತೂರಿಸಿ, ಗುಂಡಿಯ ಸವೆದ ಜಾಗಕ್ಕೆ ಹೆಬ್ಬೆರಳಿಟ್ಟು ಸದ್ದು ಜಾಸ್ತಿ ಮಾಡಿದಳು.

"ಆ ಕಡೆ ಸರ್ಕೋ. ನಾನ್ ಓಡಿಸ್ತೀನಿ."