ಕಾರ್ ಶೆಡ್ಡಿನ ಎತ್ತರ

ಹೊಡೆಯಲೆಂದು ಸ್ನೇಹಾ ಮೇಲೆತ್ತಿದ ಗಾಲ್ಫ್ ಸ್ಟಿಕ್ ಕಾರ್ ಶೆಡ್ಡಿನ ಚಾವಣಿಗೆ ಬಡಿದು, ಅವಳ ತಲೆಯ ಮೇಲೆ ಗಾರೆ ಉದುರಿತು.

ಅಪ್ಪ ಸಂಗಮೇಶ ಓಡಿಬಂದು ಗಾರೆ ಕೊಡವಿದ. ಕ್ಲಬ್ಬಿನ ಫೀಸು ಕಟ್ಟಲಾಗದೆ, ಮಗಳ ಅಭ್ಯಾಸಕ್ಕೆಂದು ಕಾರನ್ನೇ ಮಾರಿ, ಬಾಗಲಗುಂಟೆಯ ಮನೆಯ ಖಾಲಿ ಶೆಡ್ಡಿನಲ್ಲೇ, ಪರದೆಗೆ ಚೆಂಡು ಹೊಡೆದು ಆಡುವ ಈ ಸಿಮ್ಯುಲೇಟರ್ ಕಟ್ಟಿದ್ದ. ಹಳೇ ಫ್ಲೆಕ್ಸಿನ ಬಿಳಿ ಬೆನ್ನೇ ಪರದೆ. ಅದರ ಮೇಲೆ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ ತೋರಿಸುವ ಹಸಿರು ಮೈದಾನ. ಎತ್ತರ ಸಾಕೋ ಇಲ್ಲವೋ ಎಂದು ತಾನೇ ಸ್ಟಿಕ್ ಬೀಸಿ ನೋಡಿದ್ದ. ಮಗಳು ತನ್ನನ್ನು ಮೀರಿ ಬೆಳೆದದ್ದು ಹೊಳೆದೇ ಇರಲಿಲ್ಲ.

"ಪರ್ವಾಗಿಲ್ಲ ಅಪ್ಪ, ಬಗ್ಗಿ ಹೊಡೀತೀನಿ."

"ಬ್ಯಾಡವ್ವಾ, ನಿನ್ನ ಸ್ವಿಂಗ್ ಕೆಟ್ಟು ಹೋಗ್ತದ."

ಅವಳು ಕೇಳಲಿಲ್ಲ. ಮಂಡಿ ಮಡಚಿ, ಬೆನ್ನು ಗೂನು ಮಾಡಿಕೊಂಡು ಹೊಡೆದಳು. ಚೆಂಡು ಫ್ಲೆಕ್ಸನ್ನೂ ಮುಟ್ಟದೆ ನೆಲದಲ್ಲಿ ಉರುಳಿತು. "ಚೆನ್ನಾಗೇ ಇದೆ ಅಪ್ಪ," ಎಂದು ನಕ್ಕಳು.

ಕಾರು ಮಾರಿ ಬಂದ ದಿನ ಅವಳೆದುರು ಸಂಗಮೇಶ ನಕ್ಕದ್ದೂ ಹೀಗೇ.